ಬೇರೆಯವರ ಧ್ವನಿ ಬರುತ್ತಿದೆ

ನಮ್ಮ ಭಾವ ಆ ಸೋಮವಾರ ಬಸ್ ನಿಲ್ದಾಣದ ಕ್ಯಾಂಟೀನಿನಲ್ಲಿ ಬಾಯಿ ಮುಚ್ಚಿಕೊಂಡು ಚಹಾ ಕುಡಿದಿದ್ದರೆ ನಮ್ಮೆಲ್ಲರ ಒಂದು ವಾರ ಉಳಿಯುತ್ತಿತ್ತು. ಆದರೆ ಬಾಯಿ ಮುಚ್ಚಿಕೊಂಡಿರುವುದು ಅವರ ಕಸುಬಿಗೇ ವಿರುದ್ಧ. ಇಪ್ಪತ್ತಾರು ವರ್ಷದಿಂದ ಆ ನಿಲ್ದಾಣದ ಮೈಕಿನಲ್ಲಿ ಯಾವ ಬಸ್ಸು ಎಲ್ಲಿಗೆ, ಎಷ್ಟು ಹೊತ್ತಿಗೆ, ಯಾವ ಪ್ಲಾಟ್‌ಫಾರಮಿನಿಂದ ಎಂದು ಕೂಗಿ ಹೇಳುವವರು ಅವರೇ. ಪ್ರತಿ ಘೋಷಣೆಯೂ ‘ಪ್ರಯಾಣಿಕರ ಗಮನಕ್ಕೆ’ ಎಂದು ಶುರುವಾಗುವುದರಿಂದ ಊರಿನಲ್ಲಿ ಅವರಿಗೆ ‘ಗಮನಕ್ಕೆ’ ಎಂದೇ ಹೆಸರು. ಅವರನ್ನು ಕಟ್ಟಿಕೊಂಡ ನಮ್ಮ ಅಕ್ಕನೂ ಸಿಟ್ಟು ಬಂದಾಗ ಹಾಗೇ ಕರೆಯುತ್ತಾಳೆ.

ಸೋಮವಾರ ಆದದ್ದು ಇಷ್ಟು. ನಿಲ್ದಾಣದ ಸೂಪರಿಂಟೆಂಡೆಂಟರು ಕ್ಯಾಂಟೀನಿಗೆ ಬಂದು, ಮುಂದಿನ ತಿಂಗಳಿಂದ ಘೋಷಣೆಗಳೆಲ್ಲ ರೆಕಾರ್ಡಿನಿಂದ ಬರುತ್ತವೆ, ಒಂದು ಕಂಪನಿಯವರು ಯಂತ್ರದಲ್ಲೇ ತಯಾರಿಸಿದ ಹೆಣ್ಣು ಧ್ವನಿ ತಂದಿದ್ದಾರೆ, ಬಹಳ ಇಂಪಾಗಿದೆ ಎಂದರು. ಭಾವನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಸೂಪರಿಂಟೆಂಡೆಂಟರು ನ್ಯಾಯವಂತರು. “ನೀವೂ ನಿಮ್ಮ ಧ್ವನೀಲಿ ನೂರಾ ಎಂಬತ್ತಾರು ಘೋಷಣೇನೂ ರೆಕಾರ್ಡ್ ಮಾಡಿ ತನ್ನಿ. ಶನಿವಾರ ಹನ್ನೊಂದು ಗಂಟೆಗೆ ಎರಡನ್ನೂ ಹಾಕಿ ಕೇಳೋಣ. ಯಾವುದು ಚೆನ್ನಾಗಿರುತ್ತೋ ಅದು. ನಿಮ್ಮದಾದ್ರೆ ನೀವೇ ಕ್ಯಾಬಿನ್ನಲ್ಲಿ ಇರ್ತೀರಿ, ಇಲ್ದಿದ್ರೆ...” ಎಂದು ಕಿಟಕಿಯ ಆಚೆ ನೋಡಿದರು. ಆಚೆ ಇದ್ದದ್ದು ಪ್ರಯಾಣಿಕರು ಬಿಟ್ಟುಹೋದ ಸಾಮಾನುಗಳ ಕೋಣೆ. ಅದರಲ್ಲಿ ಮುನ್ನೂರು ಕೊಡೆ, ಒಂಟಿ ಚಪ್ಪಲಿಗಳು ಮತ್ತು ಯಾರೂ ಹುಡುಕಿಕೊಂಡು ಬಾರದ ಒಂದು ತಬಲ ಇವೆ. ಅಲ್ಲಿ ಮಾತನಾಡುವ ಅಗತ್ಯವೇ ಬರುವುದಿಲ್ಲ.

“ಮನೇಲಿ ಕಂಪ್ಯೂಟರ್ ಇದೆಯಾ? ಬರುತ್ತಾ ನಿಮಗೆ?” ಎಂದು ಪಕ್ಕದಲ್ಲಿದ್ದ ಟಿಕೆಟ್ ಗುಮಾಸ್ತ ಕೇಳಿದ. ಕೇಳಿದ ರೀತಿಯೂ ಸರಿಯಿರಲಿಲ್ಲ ಎನ್ನಿ. ಭಾವ ಲೋಟ ಕೆಳಗಿಟ್ಟು, ನಿಲ್ದಾಣಕ್ಕೆಲ್ಲ ಕೇಳುವ ಹಾಗೆ ಹೇಳಿಬಿಟ್ಟರು: “ನಮ್ಮನೇಲಿ ಲಿನಕ್ಸು.”

ಲಿನಕ್ಸು ಎಂದರೇನು ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಭಾವನಿಗೂ ಗೊತ್ತಿರಲಿಲ್ಲ. ನಿಲ್ದಾಣದ ಪುಸ್ತಕದಂಗಡಿಯಲ್ಲಿ ನೇತುಹಾಕಿದ ಪತ್ರಿಕೆಯೊಂದರ ಮುಖಪುಟದಲ್ಲಿ, ಒಂದು ಪೆಂಗ್ವಿನ್ ಹಕ್ಕಿಯ ಪಕ್ಕದಲ್ಲಿ, ‘ಜಾಣರು ಬಳಸುವ ಲಿನಕ್ಸ್’ ಎಂದಿದ್ದುದನ್ನು ಅವರು ಕ್ಯಾಬಿನ್ನಿನ ಗಾಜಿನಿಂದ ಮೂರು ವಾರ ನೋಡಿದ್ದರು, ಅಷ್ಟೇ.

ಹೇಳಿದ ಮಾತನ್ನು ನಿಜ ಮಾಡಬೇಕಲ್ಲ. ಆ ಕೆಲಸ ನನ್ನ ತಲೆಗೆ ಬಂತು. ನಾನು ಲಿಫ್ಟ್ ರಿಪೇರಿಯವನು, ಅವರ ಮನೆಯ ಮೇಲಿನ ಮಹಡಿಯಲ್ಲೇ ನನ್ನ ವಾಸ. ದಿನಕ್ಕೆ ಹತ್ತು ಆಫೀಸು ಕಟ್ಟಡ ಹತ್ತಿ ಇಳಿಯುವುದರಿಂದ ನನಗೆ ಕಂಪ್ಯೂಟರಿನ ಜನ ಪರಿಚಯ. ಲಿನಕ್ಸ್ ಎಂದರೆ ವಿಂಡೋಸಿನ ಹಾಗೆ ಕಂಪ್ಯೂಟರನ್ನೇ ನಡೆಸುವ ತಂತ್ರಾಂಶವಂತೆ. ಒಬ್ಬರ ಹತ್ತಿರ ಅದನ್ನು ತುಂಬಿದ ಪೆನ್‌ಡ್ರೈವ್ ಬೇಡಿ ತಂದುಕೊಟ್ಟೆ. ಮನೆಯ ಹಳೆಯ ಕಂಪ್ಯೂಟರಿಗೆ ಅದನ್ನು ಹಾಕುವುದು ನೀರು ಕುಡಿದಷ್ಟು ಸುಲಭವಾಯಿತು. ಪರದೆಯ ಮೇಲೆ ಏನು ಕೇಳಿದರೂ ಭಾವ ‘ಮುಂದೆ’, ‘ಮುಂದೆ’ ಎಂದು ಒತ್ತುತ್ತಾ ಹೋದರು. ಒಂದು ಗಂಟೆಯಲ್ಲಿ ಲಿನಕ್ಸು ಬಂದು ಕೂತಿತು. ಭಾವ ಅದರ ಎದುರು ಕೂತು ಕಾಲ ಮೇಲೆ ಕಾಲು ಹಾಕಿದರು.

ನಾಲ್ಕು ದಿನ ರಜೆ ಹಾಕಿ ಬುಧವಾರವೇ ರೆಕಾರ್ಡಿಂಗಿಗೆ ಇಳಿದರು. ಇಲ್ಲಿ ಭಾವನ ಕೆಲಸದ ಪದ್ಧತಿಯೊಂದನ್ನು ಹೇಳಬೇಕು. ನಿಲ್ದಾಣದ ಗಾಜಿನ ಕ್ಯಾಬಿನ್ನಿನಲ್ಲಿ ಸ್ಪೀಕರ್ ಇಲ್ಲ. ಇದ್ದರೆ ಮೈಕು ಕೀಂ ಎಂದು ಅರಚುತ್ತದೆ. ಹಾಗಾಗಿ ಧ್ವನಿ ಹೊರಗೆ ಹೋಗುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಎದುರಿನ ಚಹಾದಂಗಡಿಯವನು ಕೈ ಎತ್ತಿ ತೋರಿಸುತ್ತಾನೆ. ಕೈ ಎತ್ತಿದರೆ ಬರುತ್ತಿದೆ, ಎತ್ತದಿದ್ದರೆ ಇಲ್ಲ. ಇಪ್ಪತ್ತಾರು ವರ್ಷದಿಂದ ಇದೇ ವ್ಯವಸ್ಥೆ. ಭಾವ ಮನೆಯಲ್ಲೂ ಇದನ್ನೇ ಜಾರಿಗೆ ತಂದರು. ಹಾಸಿಗೆಗಳನ್ನು ಪೇರಿಸಿಡುವ ಸಣ್ಣ ಕೋಣೆಗೆ ಕಂಪ್ಯೂಟರನ್ನೂ ಮೈಕನ್ನೂ ಸೇರಿಸಿದರು. ಸ್ಪೀಕರುಗಳನ್ನು ಉದ್ದನೆಯ ತಂತಿ ಎಳೆದು ಹಜಾರದಲ್ಲಿಟ್ಟರು. ಬಾಗಿಲು ಮುಚ್ಚಿ, ಬಾಗಿಲಿನ ಮೇಲಿನ ಗಾಜಿನಿಂದ ನೋಡಲು ಒಂದು ಸ್ಟೂಲಿನ ಮೇಲೆ ನಿಂತರು. ಹಜಾರದಲ್ಲಿ ಅಕ್ಕ ಮತ್ತು ಪಕ್ಕದ ಮನೆಯ ಕನ್ನಡಕದಂಗಡಿಯವರು ಕುರ್ಚಿ ಹಾಕಿಕೊಂಡು ಕೂತರು. ಧ್ವನಿ ಕೇಳಿದರೆ ಕೈ ಎತ್ತಬೇಕು, ಅದೇ ಅವರ ಕೆಲಸ.

“ಪ್ರಯಾಣಿಕರ ಗಮನಕ್ಕೆ! ಹಳೇ ಸೇತುವೆ, ಆಸ್ಪತ್ರೆ ಮಾರ್ಗವಾಗಿ ಗಾಜಿನ ಕಾರ್ಖಾನೆಗೆ ಹೋಗುವ ಬಸ್ಸು...”

ಅಕ್ಕ ಕೈ ಎತ್ತಿದಳು. ಕನ್ನಡಕದವರೂ ಎತ್ತಿದರು. ಕೆಳಗಿನ ಬೀದಿಯಲ್ಲಿ ಹೋಗುತ್ತಿದ್ದ ಒಬ್ಬರು ನಿಂತು ಸೇತುವೆಗೆ ಬಸ್ಸೆಲ್ಲಿ ಎಂದು ಹುಡುಕಿದರು. ಭಾವ ಬಾಗಿಲ ಹಿಂದೆ ಸಂತೋಷದಿಂದ ತಲೆಯಾಡಿಸಿ ಎರಡನೆಯದಕ್ಕೆ ಹೋದರು. ಹೀಗೆ ನೂರಾ ಎಂಬತ್ತಾರು ಘೋಷಣೆ, ನೂರಾ ಎಂಬತ್ತಾರು ಸಲ ಕೈ. ಕೊನೆಕೊನೆಗೆ ಕನ್ನಡಕದವರು ಬಲಗೈ ಸೋತು ಎಡಗೈ ಎತ್ತಿದರು, ಅಕ್ಕ ಒಲೆಯ ಮೇಲಿನ ಹಾಲು ನೋಡಲು ಹೋದಾಗ ಅಡುಗೆಮನೆಯಿಂದಲೇ ಸೌಟು ಎತ್ತಿದಳು.

ಸಂಜೆ ಎಲ್ಲರೂ ಹಜಾರದಲ್ಲಿ ಕೂತೆವು. ಭಾವ ಮೊದಲ ಘೋಷಣೆಯನ್ನು ಒತ್ತಿದರು. ಸ್ಪೀಕರಿನ ಪುಟ್ಟ ದೀಪ ಹಸಿರಾಗಿ ಉರಿಯಿತು. ಧ್ವನಿ ಬರಲಿಲ್ಲ. ಎರಡನೆಯದು ಒತ್ತಿದರು. ಬರಲಿಲ್ಲ. ಭಾವ ಸ್ಪೀಕರಿಗೆ ಕಿವಿ ಒತ್ತಿ, “ನೀವು ಕೈ ಎತ್ತಿದ್ರಿ!” ಎಂದರು.

“ಕೇಳಿಸ್ತು, ಎತ್ತಿದ್ವಿ” ಎಂದಳು ಅಕ್ಕ.

“ಸ್ಪೀಕರಿಂದ ಕೇಳಿಸ್ತಾ?”

“ಬಾಗಿಲಿಂದ ಕೇಳಿಸ್ತು. ಸ್ಪೀಕರಿಂದ ಅಂತ ನೀವು ಹೇಳ್ಳಿಲ್ಲ.”

ಕನ್ನಡಕದವರು ತಮ್ಮ ಎಡಗೈ ಒತ್ತಿಕೊಳ್ಳುತ್ತಾ, “ಬಾಗಿಲು ಮುಚ್ಚಿದ್ರೇನು ಸಾರ್, ನಿಮ್ಮ ಗಂಟಲು ಗೋಡೆ ದಾಟಿ ನಮ್ಮ ಮನೆಗೂ ಹೋಗಿದೆ. ನಮ್ಮವಳು ಅಡುಗೆಮನೇಲಿ ಕೈ ಎತ್ತಿದಾಳಂತೆ” ಎಂದರು.

ಈಗ ಪ್ರಶ್ನೆ ಹುಟ್ಟಿತು. ಭಾವ ಹೇಳಿದ್ದನ್ನು ಕಂಪ್ಯೂಟರು ಕೇಳಿಸಿಕೊಂಡೇ ಇಲ್ಲವೋ, ಅಥವಾ ಕೇಳಿಸಿಕೊಂಡು ಈಗ ಬಾಯಿ ಬಿಡುತ್ತಿಲ್ಲವೋ? ತಪ್ಪು ಕಿವಿಯದೋ ಬಾಯಿಯದೋ? ಹತ್ತು ನಿಮಿಷದಲ್ಲಿ ಮನೆಯಲ್ಲಿ ಎರಡು ಪಕ್ಷ ಆಗಿಹೋದವು. ಕನ್ನಡಕದವರದು ಕಿವಿ ಪಕ್ಷ, ನನ್ನದು ಬಾಯಿ ಪಕ್ಷ. ಲಿಫ್ಟಿನಲ್ಲಿ ದೋಷಗಳು ಎರಡೇ, ಹೊರಡದೇ ಇರುವುದು ಮತ್ತು ನಿಲ್ಲದೇ ಇರುವುದು. ಇದು ಹೊರಡದೇ ಇರುವ ಜಾತಿ ಎಂದು ನನ್ನ ಅನುಭವ ಹೇಳುತ್ತಿತ್ತು.

“ಒಂದು ಹಾಡು ಹಾಕೋಣ” ಎಂದೆ. “ಹಾಡೂ ಬರ್ಲಿಲ್ಲ ಅಂದ್ರೆ ಬಾಯಿದೇ ತಪ್ಪು.”

ಹಾಡು ಹಾಕಿದೆವು. ಪರದೆಯ ಮೇಲೆ ನಿಮಿಷಗಳು ಓಡಿದವು, ಶಬ್ದವಿಲ್ಲ. ನಾನು ಗೆದ್ದ ಮುಖ ಮಾಡಿದೆ. ಕನ್ನಡಕದವರು ಸೋಲುವ ಪೈಕಿ ಅಲ್ಲ. “ಆ ಹಾಡನ್ನೂ ಅದು ಕೇಳಿಸಿಕೊಂಡಿಲ್ಲ ಅಂತ ನಾನಂತೀನಿ” ಎಂದರು. ಇಂಥವರು ಕೊಡುವ ಕನ್ನಡಕ ಹಾಕಿಕೊಂಡು ಊರಿನ ಅರ್ಧ ಜನ ರಸ್ತೆ ದಾಟುತ್ತಾರೆ.

ಸ್ಪೀಕರಿನ ತಂತಿಯನ್ನು ನನ್ನ ಫೋನಿಗೆ ಚುಚ್ಚಿದರೆ ಹಾಡು ಮನೆ ಹಾರಿಹೋಗುವಂತೆ ಬಂತು. ಅಂದರೆ ಸ್ಪೀಕರು ಸರಿ. ಕಂಪ್ಯೂಟರಿನ ಬೆನ್ನಿನಲ್ಲಿ ಮೂರು ಬಣ್ಣದ ತೂತುಗಳಿದ್ದವು. ತಂತಿಯನ್ನು ಮೂರಕ್ಕೂ ಚುಚ್ಚಿ ನೋಡಿದೆವು. ಕನ್ನಡಕದವರು ತಮ್ಮ ಅಂಗಡಿಯ ಅಭ್ಯಾಸದಂತೆ ಪ್ರತಿ ಸಲವೂ, “ಈಗ ಹೇಗಿದೆ? ಇದು ಚೆನ್ನಾಗಿದೆಯಾ, ಮುಂಚಿನದು ಚೆನ್ನಾಗಿತ್ತಾ?” ಎಂದು ಕೇಳಿದರು. ಎರಡರಲ್ಲೂ ಏನೂ ಇರಲಿಲ್ಲವಾದ್ದರಿಂದ ಹೇಳುವುದು ಕಷ್ಟವಾಯಿತು.

ಆ ಘೋಷಣೆಗಳನ್ನು ಫೋನಿಗೆ ಹಾಕಿ ಕೇಳಬಹುದಿತ್ತಲ್ಲ ಎಂದು ಈಗ ನೀವು ಕೇಳುತ್ತೀರಿ. ಅಕ್ಕ ಗುರುವಾರ ಬೆಳಿಗ್ಗೆಯೇ ಅದನ್ನು ಹೇಳಿದಳು. ಆದರೆ ಅವಳು ತಟ್ಟೆ ಒರೆಸುತ್ತಾ ಹೇಳಿದ್ದರಿಂದ ನಾವು ಮೂವರು ಗಂಡಸರೂ ಅದನ್ನು ತಾಂತ್ರಿಕ ಸಲಹೆ ಎಂದು ಪರಿಗಣಿಸಲಿಲ್ಲ.

ಅದೂ ಅಲ್ಲದೆ ಅಷ್ಟರಲ್ಲಿ ಭಾವ ದೊಡ್ಡವರ ಮೊರೆ ಹೋಗಿದ್ದರು. ಲಿನಕ್ಸ್ ಬಳಸುವವರು ಒಬ್ಬರಿಗೊಬ್ಬರು ನೆರವಾಗುವ ಒಂದು ಜಾಲತಾಣ ಇದೆ. ಅಲ್ಲಿ ‘ಹಳೇ ಪೆಂಗ್ವಿನ್’ ಎಂದು ಹೆಸರಿಟ್ಟುಕೊಂಡ ಒಬ್ಬ ಮಹಾನುಭಾವರು ಎಲ್ಲರ ಕಷ್ಟಕ್ಕೂ ಉತ್ತರ ಬರೆಯುತ್ತಾರೆ. ಭಾವ ಅವರಿಗೆ ಬರೆದರು: ‘ಬಳಕೆದಾರರ ಗಮನಕ್ಕೆ. ನನ್ನ ಲಿನಕ್ಸ್ ಕಂಪ್ಯೂಟರಿನಿಂದ ಧ್ವನಿ ಹೊರಡುತ್ತಿಲ್ಲ. ದಯವಿಟ್ಟು ಸಹಕರಿಸಿ.’ ಇಷ್ಟಕ್ಕೇ ನಿಲ್ಲಿಸಿದ್ದರೆ ಅರ್ಧ ಗಂಟೆಯಲ್ಲಿ ಎಲ್ಲ ಸರಿಹೋಗುತ್ತಿತ್ತು. ಆದರೆ ಕೆಳಗೆ ರುಜು ಹಾಕುವ ಜಾಗದಲ್ಲಿ ಭಾವನಿಗೆ ಟಿಕೆಟ್ ಗುಮಾಸ್ತನ ಮುಖ ನೆನಪಾಯಿತೋ ಏನೋ, ‘ಧ್ವನಿ ವಿಭಾಗದ ಹಿರಿಯ ತಜ್ಞ, ಸಾರಿಗೆ ಕ್ಷೇತ್ರ, ಇಪ್ಪತ್ತಾರು ವರ್ಷಗಳ ಅನುಭವ’ ಎಂದು ಸೇರಿಸಿಬಿಟ್ಟರು.

ಅತ್ತಲಿನ ಪೆಂಗ್ವಿನ್ ಬೆದರಿರಬೇಕು. ‘ಮಾನ್ಯರೇ, ತಮ್ಮಂಥವರಿಗೆ ನಾನು ಹೇಳುವುದೇನಿದೆ? ಸಾಮಾನ್ಯ ಸಂಗತಿಗಳನ್ನೆಲ್ಲ ತಾವು ನೋಡಿಯೇ ಇರುತ್ತೀರಿ. ಆದ್ದರಿಂದ ನೇರವಾಗಿ ಆಳಕ್ಕೆ ಇಳಿಯುತ್ತೇನೆ’ ಎಂದು ಉತ್ತರ ಬಂತು. ಅದರ ಕೆಳಗೆ ಒಂದೂವರೆ ಪುಟ ಆಜ್ಞೆಗಳು.

“ನೋಡಿದ್ಯಾ, ಮಾನ್ಯರೇ ಅಂದಿದಾರೆ” ಎಂದರು ಭಾವ.

“ಒಂದಕ್ಷರ ಅರ್ಥ ಆಯ್ತಾ ಭಾವ?”

“ಅರ್ಥ ಆಗೋದು ಬಿಡೋದು ಬೇರೆ. ಗೌರವ ನೋಡು.”

ಆ ಗೌರವ ಉಳಿಸಿಕೊಳ್ಳಲು ಭಾವ ಒಂದೊಂದೇ ಆಜ್ಞೆಯನ್ನು ಒಂದು ಬೆರಳಿನಲ್ಲಿ ಕುಟ್ಟಿದರು. ಕಂಪ್ಯೂಟರು ಪ್ರತಿ ಆಜ್ಞೆಗೂ ಪುಟಗಟ್ಟಲೆ ಉತ್ತರ ಕೊಟ್ಟಿತು. ಭಾವ ಅದನ್ನೆಲ್ಲ ಘೋಷಣೆಯ ಧಾಟಿಯಲ್ಲೇ ಗಟ್ಟಿಯಾಗಿ ಓದಿದರು, ನಾನು ಹಾಳೆಯಲ್ಲಿ ಬರೆದುಕೊಂಡೆ. ಮಧ್ಯೆ ಅದು ಗುಪ್ತಪದ ಕೇಳಿತು. ಗುಪ್ತಪದ ಒತ್ತಿದರೆ ಪರದೆಯ ಮೇಲೆ ಚುಕ್ಕಿಯೂ ಮೂಡುವುದಿಲ್ಲ, ಅದು ಲಿನಕ್ಸಿನ ರೀತಿ. ಭಾವ ಕೀಲಿಮಣೆಯೂ ಕೆಟ್ಟಿತೆಂದು ಅದನ್ನು ತಲೆಕೆಳಗು ಮಾಡಿ ತಟ್ಟಿದರು. ಎರಡು ಬ್ರೆಡ್ ಚೂರು, ಒಂದು ಕೂದಲ ಕ್ಲಿಪ್ಪು ಬಿದ್ದವು.

“ಅಯ್ಯೋ, ಈ ಕ್ಲಿಪ್ ಹೋದ ವರ್ಷದಿಂದ ಹುಡುಕ್ತಿದ್ದೆ” ಎಂದು ಅಕ್ಕ ಅದನ್ನು ತೆಗೆದುಕೊಂಡು ಹೋದಳು. ಇಡೀ ವಾರದ ದುರಸ್ತಿಯಲ್ಲಿ ಅಲ್ಲಿಯವರೆಗೆ ಸಿಕ್ಕ ಫಲ ಅದೊಂದೇ.

ಗುರುವಾರ ಸಂಜೆ ಧ್ವನಿ ನೋಡಿಕೊಳ್ಳುವ ವಿಭಾಗವನ್ನೇ ಕಿತ್ತು ಮತ್ತೆ ಹಾಕಿ ಎಂದು ಪೆಂಗ್ವಿನ್ ಬರೆದರು. ಕಿತ್ತರೆ ಜೊತೆಗೆ ಇನ್ನೂ ಇಂತಿಂಥವು ಹೋಗುತ್ತವೆ, ಆಗಬಹುದೇ ಎಂದು ಕಂಪ್ಯೂಟರು ಒಂದು ಉದ್ದ ಪಟ್ಟಿ ತೋರಿಸಿ ಕೇಳಿತು. ಭಾವ ಪಟ್ಟಿ ಓದಲಿಲ್ಲ. ಅವರು ಲಿನಕ್ಸಿಗೆ ಮೊದಲಿನಿಂದಲೂ ‘ಮುಂದೆ’ ಎಂದೇ ಹೇಳಿದವರು. ಹೌದು ಎಂದು ಒತ್ತಿದರು. ಕಂಪ್ಯೂಟರು ಧ್ವನಿಯನ್ನು ಕಿತ್ತಿತು, ಅದರ ಜೊತೆ ಪರದೆಯ ಮೇಲಿನ ಕಿಟಕಿಗಳನ್ನು ಕಿತ್ತಿತು, ಚಿತ್ರಗಳನ್ನು ಕಿತ್ತಿತು, ಮೌಸಿನ ಬಾಣವನ್ನೂ ಕಿತ್ತಿತು. ಕೊನೆಗೆ ಕಪ್ಪು ಪರದೆಯ ಮೇಲೆ ಒಂದು ಬಿಳಿ ಗೆರೆ ಮಾತ್ರ ಮಿಣುಕುತ್ತಾ ನಿಂತಿತು.

“ಈಗ ಕಣ್ಣೂ ಹೋಯ್ತು” ಎಂದರು ಕನ್ನಡಕದವರು. ಅದು ತಮ್ಮ ವಿಷಯವಾದ್ದರಿಂದ ಅವರ ಧ್ವನಿಯಲ್ಲಿ ಒಂದು ತೂಕವಿತ್ತು.

ಭಾವ ಸ್ಟೂಲಿನ ಮೇಲೆ ಕುಸಿದರು. ಅವರ ಮುಖ ನೋಡಿ ನನಗೆ ನಿಜವಾಗಿಯೂ ಸಂಕಟವಾಯಿತು. “ಅಷ್ಟೂ ಹೋಯ್ತಲ್ಲೋ” ಎಂದರು. “ನೂರಾ ಎಂಬತ್ತಾರು. ಇನ್ನು ನಂಗೆ ಆ ಕೊಡೆಗಳೇ ಗತಿ.”

ಅಕ್ಕ ಅವರ ಕೈಗೆ ಚಹಾ ಕೊಟ್ಟಳು. ಆಮೇಲೆ ಸೆರಗಿನಲ್ಲಿ ಕೈ ಒರೆಸಿಕೊಂಡು ನನ್ನ ಫೋನು ಕಿತ್ತುಕೊಂಡು, ಆ ಜಾಲತಾಣದಲ್ಲಿ ತಾನೇ ಬರೆದಳು: ‘ಅಣ್ಣಾ, ನಾನು ಆ ತಜ್ಞರ ಹೆಂಡತಿ. ನಮ್ಮ ಯಜಮಾನರು ತಜ್ಞರಲ್ಲ. ಬಸ್ ನಿಲ್ದಾಣದಲ್ಲಿ ಮೈಕಿನಲ್ಲಿ ಕೂಗುತ್ತಾರೆ. ಲಿನಕ್ಸ್ ಬಂದು ಮೂರು ದಿನ ಆಯಿತು. ನಮಗೆ ಏನೂ ಗೊತ್ತಿಲ್ಲ. ಮೊದಲಿನಿಂದ ಹೇಳಿ.’

ಎರಡೇ ನಿಮಿಷದಲ್ಲಿ ಉತ್ತರ ಬಂತು. ‘ಅಮ್ಮಾ, ನಿನ್ನೆಯೇ ಹೇಳಬಾರದಿತ್ತೇ?’ ಪೆಂಗ್ವಿನಿಗೆ ಜೀವ ಬಂದ ಹಾಗಿತ್ತು. ಕಡತಗಳೆಲ್ಲ ಹಾಗೇ ಇರುತ್ತವೆ, ಹೆದರಬೇಡಿ ಎಂದರು. ಕಳೆದ ಕಿಟಕಿಗಳನ್ನು ವಾಪಸು ತರುವ ಒಂದು ಸಾಲು ಕೊಟ್ಟರು. ಶುಕ್ರವಾರ ಬೆಳಿಗ್ಗೆ ಅದನ್ನು ಒತ್ತಿದ ಮೇಲೆ ಧ್ವನಿ ವಿಭಾಗ, ಕಿಟಕಿ, ಚಿತ್ರ, ಬಾಣ ಎಲ್ಲವೂ ಯಥಾಸ್ಥಾನಕ್ಕೆ ಬಂದವು. ಆಗ ಪೆಂಗ್ವಿನ್ ಕೇಳಿದರು: ‘ಇದನ್ನು ಕೇಳಲು ಮೊದಲು ಸಂಕೋಚವಾಯಿತು. ಧ್ವನಿಯ ಸೆಟ್ಟಿಂಗಿನಲ್ಲಿ ಯಾವ ಕಡೆಗೆ ಎಂದು ಆರಿಸಿದ್ದೀರಿ?’

ನೋಡಿದೆವು. ಅಲ್ಲಿ ಎರಡು ಹೆಸರಿದ್ದವು. ಒಂದು ಸ್ಪೀಕರು, ಇನ್ನೊಂದು ಪರದೆ. ಗುರುತು ಇದ್ದದ್ದು ಪರದೆಯ ಮುಂದೆ. ಪರದೆಗೆ ಹೋಗುವ ತಂತಿಯೊಳಗೇ ಧ್ವನಿಯೂ ಹೋಗುತ್ತದಂತೆ. ಕೆಲವು ಪರದೆಗಳಿಗೆ ಸ್ಪೀಕರು ಇರುತ್ತದಂತೆ. ನಮ್ಮದಕ್ಕೆ ಇರಲಿಲ್ಲ. ಮೂರು ದಿನ ಕಂಪ್ಯೂಟರು ಪ್ರಾಮಾಣಿಕವಾಗಿ, ಬಾಯಿಯೇ ಇಲ್ಲದ ಪರದೆಗೆ ಧ್ವನಿ ಕಳಿಸುತ್ತಿತ್ತು.

ಇದು ಭಾವನಿಗೆ ಕೂಡಲೇ ತಿಳಿಯಿತು. “ಓಹೋ! ಜನ ಎಲ್ಲ ಎರಡನೇ ಪ್ಲಾಟ್‌ಫಾರಮಿನಲ್ಲಿ ನಿಂತಿದಾರೆ, ಬಸ್ಸು ಒಂದರಿಂದ ಖಾಲಿ ಹೋಗ್ತಿದೆ. ಅಷ್ಟೇ ತಾನೆ?” ಎಂದು ಬಾಣವನ್ನು ಸ್ಪೀಕರಿನ ಮುಂದೆ ತಂದು ಒತ್ತಿದರು. ಮೊದಲನೇ ಘೋಷಣೆ ಹಾಕಿದರು.

ಹಜಾರ ನಡುಗಿತು. “ಪ್ರಯಾಣಿಕರ ಗಮನಕ್ಕೆ! ಹಳೇ ಸೇತುವೆ, ಆಸ್ಪತ್ರೆ ಮಾರ್ಗವಾಗಿ...”

ಅಕ್ಕ ಚಪ್ಪಾಳೆ ತಟ್ಟಿದಳು. ಕನ್ನಡಕದವರು ಅಭ್ಯಾಸಬಲದಿಂದ ಕೈ ಎತ್ತಿದರು. ಕಿವಿಯೂ ಸರಿಯಿತ್ತು, ಬಾಯಿಯೂ ಸರಿಯಿತ್ತು, ಎರಡು ಪಕ್ಷದವರೂ ಸೋತಿದ್ದೆವು, ಆದರೂ ನಾನು ಅವರ ಕೈ ಕುಲುಕಿದೆ.

ಭಾವ ಮಾತ್ರ ಮುಖ ಸಿಂಡರಿಸಿಕೊಂಡು ಸ್ಪೀಕರನ್ನು ನೋಡುತ್ತಿದ್ದರು.

“ಯಾರದು?” ಎಂದರು.

“ಯಾರದು ಅಂದ್ರೆ?”

“ಮಾತಾಡ್ತಿರೋದು ಯಾರು? ಯಾವನಿವನು, ಮೂಗಲ್ಲಿ ಮಾತಾಡ್ತಾನೆ? ನೆಗಡಿ ಆದ ಮೇಕೆ ಹಾಗೆ ಇದಾನೆ. ನಂದೆಲ್ಲಿ?”

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಆಗ ನನಗೆ ಹೊಳೆಯಿತು. ಆ ಗಾಜಿನ ಕ್ಯಾಬಿನ್ನಿನಲ್ಲಿ ಸ್ಪೀಕರಿಲ್ಲ. ಊರಿನಲ್ಲಿ ಭಾವನ ಧ್ವನಿಯನ್ನು ಹೊರಗಿನಿಂದ ಒಮ್ಮೆಯೂ ಕೇಳದವರು ಭಾವ ಒಬ್ಬರೇ.

ಇದನ್ನು ಅವರಿಗೆ ಯಾರು ಹೇಳಬೇಕು? ಯಾರೂ ಹೇಳಲಿಲ್ಲ. ಹಾಗಾಗಿ ಭಾವ ಶುಕ್ರವಾರ ಮಧ್ಯಾಹ್ನವಿಡೀ ದುರಸ್ತಿ ಮುಂದುವರಿಸಿದರು. ಸ್ಪೀಕರಿನ ಮೇಲೆ ದಿಂಬು ಇಟ್ಟು ನೋಡಿದರು. ಸೆಟ್ಟಿಂಗಿನಲ್ಲಿ ಏರಿಸಬಹುದಾದ್ದನ್ನೆಲ್ಲ ಏರಿಸಿ, ಇಳಿಸಬಹುದಾದ್ದನ್ನೆಲ್ಲ ಇಳಿಸಿದರು. ಮೇಕೆಯ ನೆಗಡಿ ಹೋಗಲಿಲ್ಲ. ಜಾಲತಾಣದಲ್ಲಿ ಮತ್ತೆ ಬರೆದರು: ‘ಧ್ವನಿ ಬರುತ್ತಿದೆ. ಆದರೆ ಬೇರೆಯವರ ಧ್ವನಿ ಬರುತ್ತಿದೆ. ದಯವಿಟ್ಟು ನನ್ನದನ್ನು ಕಳಿಸಿಕೊಡಿ.’ ಪೆಂಗ್ವಿನ್, ‘ನನ್ನ ಇಷ್ಟು ವರ್ಷದ ಅನುಭವದಲ್ಲಿ ಲಿನಕ್ಸಿನಲ್ಲಿ ಈ ದೋಷ ಕಂಡಿಲ್ಲ. ಅಮ್ಮನವರು ಇದ್ದರೆ ಕರೆಯಿರಿ’ ಎಂದರು.

ಕನ್ನಡಕದವರು ಒಂದು ಪರೀಕ್ಷೆ ಸೂಚಿಸಿದರು. ಮೊದಲು ಅವರು ಮೈಕಿನಲ್ಲಿ ಮಾತನಾಡಿ ಹಾಕಿ ಕೇಳಿದರು. “ಇದು ನಿಮ್ಮದೇ” ಎಂದರು ಭಾವ. ನಾನು ಮಾತನಾಡಿದೆ. “ಇದು ನಿಂದೇ, ಪಕ್ಕಾ.” ಅಕ್ಕ ಮಾತನಾಡಿದಳು. “ಥೇಟ್ ಇವಳೇ.” ಕೊನೆಗೆ ಭಾವ ಮಾತನಾಡಿದರು, ಮೇಕೆ ಬಂತು. ಭಾವ ಮೇಜು ಕುಟ್ಟಿದರು. “ನೋಡಿದ್ರಾ! ಎಲ್ಲರದೂ ಸರಿಯಾಗಿ ಬರುತ್ತೆ. ನಂದು ಮಾತ್ರ ಕೆಡಿಸುತ್ತೆ. ಇದಕ್ಕೆ ನನ್ನ ಮೇಲೇ ಹಗೆ!”

“ರೀ” ಎಂದಳು ಅಕ್ಕ. ಬಂದು ಅವರ ಪಕ್ಕ ಕೂತಳು. “ಏನೂ ಕೆಡಿಸ್ತಿಲ್ಲ. ನಿಮ್ಮ ಧ್ವನಿ ಇರೋದೇ ಹೀಗೆ.”

ಭಾವ ಅವಳನ್ನು ನೋಡಿದರು, ನನ್ನನ್ನು ನೋಡಿದರು. ನಾನು ತಂತಿ ಸುತ್ತತೊಡಗಿದೆ. ಕನ್ನಡಕದವರು ತಮ್ಮ ಕನ್ನಡಕ ತೆಗೆದು ಒರೆಸಿದರು.

“ಇಪ್ಪತ್ತಾರು ವರ್ಷ?” ಎಂದರು ಭಾವ.

“ಹೂಂ.”

“ಯಾರೂ ಏನೂ ಅಂದಿಲ್ಲ?”

“ಅಭ್ಯಾಸ ಆಗಿಹೋಗುತ್ತೆ” ಎಂದಳು ಅಕ್ಕ. ಸಮಾಧಾನಕ್ಕೆಂದು ಹೇಳಿದ್ದು, ಅದು ಹಾಗೆ ಕೇಳಿಸಲಿಲ್ಲ.

ಭಾವನಿಗೆ ಬಹಳ ನೋವಾಯಿತು. ಅವರು ಕಂಪ್ಯೂಟರನ್ನು ಆರಿಸಿ, ಅದರ ಮೇಲೆ ಬಟ್ಟೆ ಹೊದಿಸಿ, “ಇದನ್ನ ತಗೊಂಡು ಹೋಗಿ ಆ ಕಂಪನಿಯವರ ಮುಂದೆ ಹಾಕೋದಾ? ಬೇಡ. ನಾನೇ ಕೊಡೆ ಎಣಿಸ್ಕೊಂಡು ಇರ್ತೀನಿ. ಪ್ರಯಾಣಿಕರಿಗಾದ್ರೂ ನೆಮ್ಮದಿ” ಎಂದು ಒಳಗೆ ಹೋದರು. ಊಟಕ್ಕೆ ಕರೆದಾಗ ತಲೆಯಾಡಿಸಿ ಉತ್ತರ ಕೊಟ್ಟರು. ಉಪ್ಪು ಬೇಕಾದಾಗ ಕೈ ತೋರಿಸಿದರು. ಆ ಮನೆ ಅಷ್ಟು ಮೌನವಾಗಿದ್ದುದನ್ನು ನಾನು ನೋಡಿರಲಿಲ್ಲ.

ಶನಿವಾರ ಬೆಳಿಗ್ಗೆ ಅಕ್ಕ ಮೆಟ್ಟಿಲು ಹತ್ತಿ ಬಂದು ನನ್ನ ಕೈಗೆ ಪೆನ್‌ಡ್ರೈವ್ ಇಟ್ಟಳು. ಪೆಂಗ್ವಿನ್ ಅವರನ್ನು ಕೇಳಿ ಘೋಷಣೆಗಳನ್ನೆಲ್ಲ ತಾನೇ ಅದಕ್ಕೆ ತುಂಬಿಸಿದ್ದಳು. “ನೀನು ಹೋಗಿ ಕೊಡು. ಆ ಕೋಣೇಲಿ ಕೂತ್ರೆ ಈ ಮನುಷ್ಯ ಒಂದು ತಿಂಗಳಲ್ಲಿ ಬಾಡಿಹೋಗ್ತಾರೆ. ನಂಗೆ ಆ ಮೇಕೆನೇ ಬೇಕು” ಎಂದಳು. ಅವಳ ಕಣ್ಣು ತುಂಬಿತ್ತು, ನನ್ನದೂ.

ಹನ್ನೊಂದಕ್ಕೆ ಸೂಪರಿಂಟೆಂಡೆಂಟರ ಕೋಣೆಯಲ್ಲಿ ಕಂಪನಿಯವನು ಟೈ ಕಟ್ಟಿಕೊಂಡು ಕೂತಿದ್ದ. ಮೇಲಿನ ಆ ಕೋಣೆಯ ಕಿಟಕಿಯಿಂದ ಇಡೀ ನಿಲ್ದಾಣ ಕಾಣುತ್ತದೆ. ಬೆಂಚುಗಳ ತುಂಬ ಜನ. ಕೊನೆಯ ಬೆಂಚಿನಲ್ಲಿ, ಕಂಬದ ಮರೆಯಲ್ಲಿ, ಪೇಪರು ಅಡ್ಡ ಹಿಡಿದು ಕೂತಿದ್ದವರು ನಮ್ಮ ಭಾವ. ಬರುವುದಿಲ್ಲ ಎಂದಿದ್ದವರು ಬಂದಿದ್ದರು. ತಮ್ಮ ಜಾಗಕ್ಕೆ ಬರುವವಳು ಹೇಗೆ ಮಾತನಾಡುತ್ತಾಳೆ ಎಂದು ಕೇಳದೆ ಇರಲಾಗಿರಲಿಕ್ಕಿಲ್ಲ. ನಾನು ಪೆನ್‌ಡ್ರೈವ್ ತಂದದ್ದು ಅವರಿಗೆ ಗೊತ್ತಿರಲಿಲ್ಲ.

ಮೊದಲು ನಿಲ್ದಾಣದ ಸ್ಪೀಕರುಗಳಲ್ಲಿ ಯಂತ್ರದ ಹೆಂಗಸು ಮಾತನಾಡಿದಳು. ಎಂಥ ಧ್ವನಿ ಅಂತೀರಿ! ಜೇನು ಸುರಿದ ಹಾಗೆ. ಒಂದಕ್ಷರ ಎಡವಲಿಲ್ಲ. ಗಾಜಿನ ಕಾರ್ಖಾನೆಗೆ ಹೋಗುವ ಬಸ್ಸು ಎರಡನೇ ಪ್ಲಾಟ್‌ಫಾರಮಿನಿಂದ ಹೊರಡಲಿದೆ ಎಂದಳು. ಬಸ್ಸು ನಿಜವಾಗಿಯೂ ಅಲ್ಲಿ ನಿಂತಿತ್ತು. ಬೆಂಚಿನ ಜನ ತಲೆ ಎತ್ತಿ ಮೆಚ್ಚುಗೆಯಿಂದ ಕೇಳಿದರು. ಒಬ್ಬರು ಹೆಂಡತಿಗೆ, “ಯಾವುದೋ ಸೋಪಿನ ಜಾಹೀರಾತು” ಎಂದರು. ಯಾರೂ ಏಳಲಿಲ್ಲ. ಅವಳು ಎರಡನೇ ಸಲ ಹೇಳಿದಳು, ಮೂರನೇ ಸಲ ಹೇಳಿದಳು. ಡ್ರೈವರು ಹಾರನ್ ಹೊಡೆದು ಹೊಡೆದು ಸಾಕಾಗಿ ಕಂಡಕ್ಟರನೊಬ್ಬನನ್ನೇ ಕೂರಿಸಿಕೊಂಡು ಹೊರಟುಹೋದ.

“ಇಂಪಾಗಿದೆ” ಎಂದು ಬರೆದುಕೊಂಡ ಸೂಪರಿಂಟೆಂಡೆಂಟರು, “ಈಗ ನಮ್ಮವರದು ಯಾವುದಾದ್ರೂ ಒಂದು ಹಾಕಿ” ಎಂದರು. ನಾನು ಕಣ್ಣು ಮುಚ್ಚಿ ಒಂದನ್ನು ಒತ್ತಿದೆ.

“ಪ್ರಯಾಣಿಕರ ಗಮನಕ್ಕೆ! ಹಳೇ ಸೇತುವೆಗೆ ಹೋಗುವ ಬಸ್ಸು ನಾಲ್ಕನೇ ಪ್ಲಾಟ್‌ಫಾರಮಿನಲ್ಲಿ ಹೊರಡಲು ಸಿದ್ಧವಾಗಿದೆ! ಬೇಗ ಬನ್ನಿ!”

ಮೂಗಿನಿಂದ ಹೊರಟ ಆ ಧ್ವನಿ ತಗಡಿನ ಮಾಡಿಗೆ ಬಡಿದು ಕೆಳಗೆ ಬಿದ್ದದ್ದೇ ತಡ, ಬೆಂಚುಗಳು ಖಾಲಿ. ಚೀಲ, ಪೆಟ್ಟಿಗೆ, ಮಕ್ಕಳು, ಅರ್ಧ ತಿಂದ ಬಿಸ್ಕತ್ತು ಎಲ್ಲವನ್ನೂ ಎತ್ತಿಕೊಂಡು ಜನ ನಾಲ್ಕನೇ ಪ್ಲಾಟ್‌ಫಾರಮಿನ ಕಡೆ ಓಡಿದರು. ಸೇತುವೆಗೆ ಹೋಗುವವರೂ ಓಡಿದರು, ಹೋಗದವರೂ ಯಾವುದಕ್ಕೂ ಇರಲಿ ಎಂದು ಓಡಿದರು. ಚಹಾದಂಗಡಿಯವನು ಕೈ ಎತ್ತಿದ.

ನಾಲ್ಕನೇ ಪ್ಲಾಟ್‌ಫಾರಮಿನಲ್ಲಿ ಬಸ್ಸು ಇರಲಿಲ್ಲ. ಅದು ಬರೀ ಪರೀಕ್ಷೆಯ ಘೋಷಣೆ. ಸೂಪರಿಂಟೆಂಡೆಂಟರು “ಅಯ್ಯೋ, ಅಯ್ಯೋ” ಎನ್ನುತ್ತಾ ಮೆಟ್ಟಿಲಿಳಿದು ಓಡಿದರು. ಹಿಂದೆ ನಾನು, ನನ್ನ ಹಿಂದೆ ಟೈ ಹಿಡಿದುಕೊಂಡು ಕಂಪನಿಯವನು. ಅರವತ್ತು ಜನ ಖಾಲಿ ಜಾಗದ ಮುಂದೆ ಸಾಲುಗಟ್ಟಿ ನಿಂತಿದ್ದರು. ಸಾಲಿನ ತಲೆಯಲ್ಲೇ, ಯಾವುದೋ ಅಜ್ಜಿಯ ಟ್ರಂಕನ್ನು ಹೆಗಲ ಮೇಲೆ ಹೊತ್ತು, ಏದುಸಿರು ಬಿಡುತ್ತಾ ನಿಂತಿದ್ದವರು ನಮ್ಮ ಭಾವ.

“ಏನ್ರೀ ಇದು, ನೀವು ಯಾಕ್ರೀ ಓಡಿ ಬಂದ್ರಿ?” ಎಂದರು ಸೂಪರಿಂಟೆಂಡೆಂಟರು.

ಭಾವ ಬಸ್ಸು ಬರುವ ದಿಕ್ಕಿನಿಂದ ಕಣ್ಣು ತೆಗೆಯಲಿಲ್ಲ.

“ಕರೀತಿದಾರಲ್ಲ ಸಾರ್!” ಎಂದರು.

ಸೂಪರಿಂಟೆಂಡೆಂಟರು ಅರವತ್ತು ಜನರನ್ನೂ ಒಮ್ಮೆ ನೋಡಿದರು. ಆಮೇಲೆ ಕಂಪನಿಯವನಿಗೆ ಕೈ ಮುಗಿದು ಕಳಿಸಿ, ಡಿಪೋಗೆ ಫೋನು ಮಾಡಿ, ಹಳೇ ಸೇತುವೆಗೆ ಒಂದು ಬಸ್ಸು ತರಿಸಿದರು.